ಜವರಪ್ಪನವರ ಲಾರಿಗೆ ಬಣ್ಣ ಬಳಿದ ಮಳೆಗಾಲ

ಹೋದ ತಿಂಗಳು ಹುಣಸೂರು ಬೈಪಾಸಿನಲ್ಲಿ ನಮ್ಮ ಕಾರು ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯ ಪಕ್ಕದಲ್ಲೇ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು. ಅಲ್ಲಿ ಒಂದು ಬೋಳು ಚಾಸಿಸ್ಸನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿಕೊಂಡು ಒಬ್ಬಾತ ರೆಡ್ ಆಕ್ಸೈಡ್ ಬಳಿಯುತ್ತಿದ್ದ. ಸೀಮೆಎಣ್ಣೆಯ ಜೊತೆ ಬೆರೆತ ಆ ಹಸಿ ಕೆಂಪು ಬಣ್ಣದ ವಾಸನೆ ಗಾಳಿಯಲ್ಲಿ ನಮ್ಮ ಕಡೆಗೇ ಬರುತ್ತಿತ್ತು. ನಾನು ಎದ್ದು ರಸ್ತೆಯ ಆಚೆ ಬದಿಗೆ ಹೋಗಿ ನಿಂತೆ. ಹೆಂಡತಿ ಹಿಂದೆಯೇ ಬಂದು, "ಯಾಕ್ರೀ, ಇಲ್ಲಿ ಬಂದು ನಿಂತ್ರಿ?" ಅಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮಳೆಗಾಲದ ವಿಷಯವನ್ನು ನಾನು ಅವಳಿಗೆ ಹೇಳಿರಲಿಲ್ಲ. ಅಂದು ಕೆ.ಆರ್. ನಗರ ಮುಟ್ಟುವಷ್ಟರಲ್ಲಿ ಹೇಳಿ ಮುಗಿಸಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು ತೊಂಬತ್ತೇಳನೆಯ ಇಸವಿ. ಡಿಪ್ಲೊಮಾ ಮುಗಿಸಿದ್ದ ನನಗೆ ಮೊದಲ ಸರ್ಕಾರಿ ಕೆಲಸ ಸಿಕ್ಕಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಕಾಲುವೆ ಕ್ಯಾಂಪಿನಲ್ಲಿ. ಬೀಚನಹಳ್ಳಿ ಅಣೆಕಟ್ಟೆಯಿಂದ ಸ್ವಲ್ಪ ಕೆಳಗೆ, ಹೊಳೆಯ ದಡದ ಮೇಲೆ ಒಂದು ಆಫೀಸು, ಒಂದು ಉಗ್ರಾಣ, ಶೀಟು ಹೊದಿಸಿದ ನಾಲ್ಕು ಕ್ವಾರ್ಟರ್ಸು. ಪಂಪು, ರೋಲರು, ವಾಹನಗಳ ಉಸ್ತುವಾರಿ ನನ್ನದು. ವಾಹನಗಳೆಂದರೆ ಒಂದು ಜೀಪು, ಒಂದು ಲಾರಿ. ಆ ಲಾರಿ ಅಣೆಕಟ್ಟೆ ಕಟ್ಟುವ ಕಾಲದ್ದು. ಮುಂದೆ ಉದ್ದನೆಯ ಮೂತಿಯಿದ್ದ ಹಳೆಯ ಮಾದರಿ. ಒದ್ದೆ ಮರಳು, ಕಲ್ಲು, ಸಿಮೆಂಟು ಹೊತ್ತು ಹೊತ್ತು ಸವೆದಿತ್ತು. ಮಳೆಗಾಲದಲ್ಲಿ ಕಟ್ಟೆಯ ಗೇಟು ತೆಗೆದರೆ ಏಳುವ ತುಂತುರು ಹೊಗೆಯಂತೆ ತೇಲಿ ಬಂದು ಆ ಲಾರಿಯ ಮೇಲೆ ಕೂರುತ್ತಿತ್ತು. ಎಷ್ಟೋ ವರ್ಷಗಳಿಂದ ಅದು ನಿಲ್ಲುತ್ತಿದ್ದುದೇ ಆ ಜಾಗದಲ್ಲಿ.

ಅದರ ಡ್ರೈವರ್ ಜವರಪ್ಪ. ಐವತ್ತರ ಹತ್ತಿರದ ವಯಸ್ಸು, ತೆಳ್ಳನೆಯ ಆಳು, ಮಾತು ಕಡಿಮೆ. ಊರು ಹುಣಸೂರು ತಾಲ್ಲೂಕಿನ ಗಾವಡಗೆರೆ. ಹದಿನಾರು ವರ್ಷದಿಂದ ಆ ಲಾರಿ ಓಡಿಸುತ್ತಿದ್ದರೂ ದಿನಗೂಲಿ ನೌಕರರಾಗಿಯೇ ಉಳಿದಿದ್ದರು. ಹೆಂಡತಿ ಸಾಕಮ್ಮ ಕ್ಯಾಂಪಿನ ಗಿಡಗಳಿಗೆ ನೀರು ಹಾಕುತ್ತ, ಆಫೀಸು ಗುಡಿಸುತ್ತ ಇದ್ದರು. ಮಕ್ಕಳಿರಲಿಲ್ಲ. ನಾನು ಅಲ್ಲಿಗೆ ಹೋದ ಮೊದಲ ವಾರವೇ ಜ್ವರ ಬಂದು ಮಲಗಿದಾಗ ನಾಲ್ಕು ದಿನ ಗಂಜಿ ಕುಡಿಸಿದವರು ಆ ತಾಯಿ. ಆಮೇಲೆ ನನ್ನ ಊಟವೆಲ್ಲ ಅವರ ಮನೆಯಲ್ಲೇ. ಬೇಡವೆಂದರೆ, "ಇಬ್ರಿಗೆ ಮುದ್ದೆ ತಿರುವೋ ಕೈ ಮೂರನೇದು ತಿರುವಿದ್ರೆ ಸವೆದೋಯ್ತದಾ ಸಾಮಿ? ಕೂತ್ಕಳಿ" ಅನ್ನುತ್ತಿದ್ದರು.

ಜೂನ್ ಮೊದಲ ವಾರ ಮೈಸೂರಿನಿಂದ ಪತ್ರ ಬಂತು. ಹಳೆಯ ವಾಹನಗಳನ್ನೆಲ್ಲ ಪರೀಕ್ಷಿಸಿ, ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಗುಜರಿಗೆ ಹಾಕಬೇಕು ಎಂದು ವಾರದೊಳಗೆ ವರದಿ ಕೊಡಬೇಕಿತ್ತು. ಜವರಪ್ಪ ಆಗ ರಜೆಯ ಮೇಲೆ ಗಾವಡಗೆರೆಗೆ ಹೋಗಿದ್ದರು. ಭಾವಮೈದುನನ ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನೆಡುವ ಕೆಲಸ. ನಾನು ಒಬ್ಬನೇ ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ಮಲಗಿದೆ. ಲಾರಿಯ ಭಾರವನ್ನೆಲ್ಲ ಹೊರುವ ಚಾಸಿಸ್ಸಿನ ಎರಡು ಕಬ್ಬಿಣದ ತೊಲೆಗಳ ಉದ್ದಕ್ಕೂ ಸುತ್ತಿಗೆಯಿಂದ ಬಡಿಯುತ್ತ ಬಂದೆ. ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ. ಎಡಗಡೆಯ ತೊಲೆಯಲ್ಲಿ, ಕ್ಯಾಬಿನ್ನಿನ ಹಿಂದೆ ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ, ಸದ್ದೇ ಬರಲಿಲ್ಲ. ತುಕ್ಕು ಅವಲಕ್ಕಿಯಂತೆ ಪದರು ಪದರಾಗಿ ಮುಖದ ಮೇಲೆ ಉದುರಿತು. ಸ್ಕ್ರೂಡ್ರೈವರ್ ಒತ್ತಿದರೆ ಈಚೆಯಿಂದ ಆಚೆಗೆ ಹೋಯಿತು.

ಅದೇ ದಿನ ವರದಿ ಬರೆದೆ. ಚಾಸಿಸ್ ಒಳಗಿಂದ ತಿಂದುಹೋಗಿದೆ, ದುರಸ್ತಿಗೆ ಯೋಗ್ಯವಲ್ಲ, ಭಾರ ಹೊರುವುದು ಅಪಾಯ ಎಂದು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನ್ನ ಕೆಲಸದ ಮೊದಲ ವರದಿ, ಸಹಿ ಹಾಕುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ನಾನೇ ಲಕೋಟೆ ಅಂಟಿಸಿ ಟಪಾಲಿಗೆ ಹಾಕಿದೆ.

ನಾಲ್ಕು ದಿನದ ನಂತರ ಜವರಪ್ಪ ಬಂದರು. ಊರಿನಿಂದ ನನಗೆಂದು ಒಂದು ಸೇರು ಹುರಳಿ ತಂದಿದ್ದರು. ಪತ್ರದ ವಿಷಯ ಕ್ಯಾಂಪಿನಲ್ಲಿ ಯಾರೋ ಹೇಳಿದ್ದರು. ಚೀಲ ಕೆಳಗಿಡುವ ಮೊದಲೇ ಕೇಳಿದರು:

"ಗಾಡಿ ಬಗ್ಗೆ ಏನ್ ಬರುದ್ರಿ ಸಾ?"

"ಇನ್ನೂ ಬರೆದಿಲ್ಲ ಜವರಪ್ಪ" ಅಂದೆ.

ಯಾಕೆ ಹಾಗೆ ಅಂದೆನೋ! ಅವರ ಮುಖ ನೋಡಿದ ಕ್ಷಣ ನಾಲಗೆ ತಾನಾಗಿ ಆಡಿಬಿಟ್ಟಿತು. ಸಂಜೆ ಕೂರಿಸಿಕೊಂಡು ನಿಧಾನವಾಗಿ ಹೇಳೋಣ ಅಂದುಕೊಂಡಿದ್ದೆ. ಅವರು ಅಷ್ಟಕ್ಕೇ ಉಸಿರು ಬಿಟ್ಟು, "ಅಂಗಾರೆ ಎರಡ್ ತಿಂಗ್ಳು ಟೇಮ್ ಕೊಡಿ ಸಾ. ಅದ್ರ ತುಕ್ಕೆಲ್ಲ ಕಿತ್ತಾಕಿ, ಬಣ್ಣ ಬಳ್ದು, ಒಸಾ ಗಾಡಿ ಮಾಡಿ ನಿಲ್ಲಿಸ್ತೀನಿ. ಆಮೇಲೆ ನೋಡಿ ಬರೀರಿ. ಓಡೋ ಗಾಡಿ ಇದ್ದೋರ್ನ ಮಾತ್ರ ಮಡಿಕತ್ತಾರಂತೆ. ಗಾಡಿ ಇದ್ರೆ ನಾನು, ಇಲ್ದಿದ್ರೆ ಇಲ್ಲ" ಅಂದರು.

ನಾನು, "ಆಯ್ತು" ಅಂದೆ.

ಮಾರನೆಯ ದಿನವೇ ಕೆಲಸ ಶುರುವಾಯಿತು. ಉಗ್ರಾಣದ ಹಿಂದಿನ ಹಳೆಯ ಶೆಡ್ಡಿಗೆ ಲಾರಿಯನ್ನು ಒಯ್ದು, ಚಕ್ರ ಬಿಚ್ಚಿ, ದಿಮ್ಮಿಗಳ ಮೇಲೆ ಕೂರಿಸಿದರು. ಹಿಂದಿನ ಮರದ ಬಾಡಿಯನ್ನು ಕಳಚಿ ಪಕ್ಕಕ್ಕಿಟ್ಟರು. ಆಮೇಲೆ ಗಂಡ ಹೆಂಡತಿ ಇಬ್ಬರೂ ಕೆಳಗೆ ಮಲಗಿ ತುಕ್ಕು ಕೆರೆಯತೊಡಗಿದರು. ದಪ್ಪ ತುಕ್ಕಿಗೆ ಉಳಿ, ತೆಳುವಿಗೆ ತಂತಿ ಬ್ರಷ್ಷು, ಕೊನೆಗೆ ಉಪ್ಪುಕಾಗದ. ಸಾಕಮ್ಮ ಸೀರೆಯ ಸೆರಗನ್ನು ಮೂಗು ಬಾಯಿಗೆ ಬಿಗಿದು ಕಟ್ಟಿಕೊಂಡು ಕೆರೆಯುತ್ತಿದ್ದರು. ಸಂಜೆ ಎದ್ದು ಬಂದರೆ ಹುಬ್ಬು, ರೆಪ್ಪೆ, ಕೂದಲು ಎಲ್ಲ ಕಂದುಬಣ್ಣ. ಎಷ್ಟು ಕೆಮ್ಮಿದರೂ ಮಾರನೆಯ ಬೆಳಿಗ್ಗೆ ಮತ್ತೆ ಲಾರಿಯ ಕೆಳಗೆ.

ನಾನು ದಿನವೂ ಇವತ್ತು ಹೇಳುತ್ತೇನೆ ಎಂದುಕೊಂಡೇ ಶೆಡ್ಡಿಗೆ ಹೋಗುತ್ತಿದ್ದೆ. ಹೋದವನು ಏನಾದರೂ ಕೆಲಸ ಹೇಳಿಕೊಟ್ಟು ಬರುತ್ತಿದ್ದೆ. ಬಾಗಿಲ ತಳದಲ್ಲಿ ನೀರು ಇಳಿಯಲು ಬಿಟ್ಟಿರುವ ತೂತುಗಳು ಮಣ್ಣು ಕಟ್ಟಿವೆ, ಅದಕ್ಕೇ ತಗಡು ಒಳಗಿನಿಂದ ತಿಂದಿದೆ, ಮೊದಲು ಅವನ್ನು ಬಿಡಿಸಿ ಅಂದೆ. ಕೆರೆದ ಜಾಗಕ್ಕೆ ಆಸಿಡ್ ಸವರಿ, ತೊಳೆದು, ಒಣಗಿದ ಕೂಡಲೇ ಪ್ರೈಮರ್ ಹೊಡೆಯಬೇಕು, ಒಂದು ರಾತ್ರಿ ಬಿಟ್ಟರೂ ಮತ್ತೆ ತುಕ್ಕು ಏಳುತ್ತದೆ ಅಂದೆ. ನನಗೆ ಓದಿ ಗೊತ್ತಿದ್ದ ಅಷ್ಟನ್ನೂ ಹೇಳಿದೆ. ಹೇಳಬೇಕಾದ ಒಂದನ್ನು ಬಿಟ್ಟು.

ಒಣಗುವುದೇ ಆ ವರ್ಷ ಕಷ್ಟವಾಗಿತ್ತು. ವಯನಾಡಿನ ಕಡೆಯಿಂದ ಮೋಡ ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಜುಲೈ ನಡುವಿಗೆ ಕಟ್ಟೆ ತುಂಬಿ ಗೇಟು ತೆಗೆದರು. ನೀರು ಬೀಳುವ ಸದ್ದಿಗೆ ಶೆಡ್ಡಿನಲ್ಲಿ ಕೂಗಿ ಮಾತಾಡಬೇಕಿತ್ತು. ಗೋಡೆ, ಬಟ್ಟೆ, ಉಪ್ಪು, ಬೆಂಕಿಪೊಟ್ಟಣ ಎಲ್ಲವೂ ತೇವ. ತೊಳೆದ ಕಬ್ಬಿಣ ಕಣ್ಣೆದುರೇ ಕೆಂಪಗಾಗುತ್ತಿತ್ತು. ಜವರಪ್ಪ ತಲೆಯ ಮೇಲೆ ಕೈಹೊತ್ತು ಕುಳಿತಾಗ ಉಪಾಯ ಮಾಡಿದವರು ಸಾಕಮ್ಮ. ಲಾರಿಯ ಸುತ್ತ ಟಾರ್ಪಾಲು ಇಳಿಬಿಟ್ಟು, ಒಳಗೆ ಮೂರು ಬಾಣಲೆಗಳಲ್ಲಿ ಕೆಂಡ ತುಂಬಿಟ್ಟರು.

"ಬಾಣಂತಿಗೆ ಕಾವು ಕೊಡಾಕಿಲ್ವಾ ಸಾಮಿ, ಅಂಗೇಯಾ" ಅಂದರು.

ಕಬ್ಬಿಣ ಒಣಗಿ ಬೆಚ್ಚಗಾಯಿತು. ಕೆಂಡವನ್ನು ದೂರ ಒಯ್ದು ಸುರಿದು, ರೆಡ್ ಆಕ್ಸೈಡ್ ಡಬ್ಬ ತೆರೆದರು. ಕಾಲುವೆ ತೂಬುಗಳ ಗೇಟಿಗೆ ಬಳಿದು ಉಳಿದಿದ್ದ ಬಣ್ಣ ಅದು. ಮೊದಲ ಕೋಟು ಹೊಡೆದ ದಿನ ಜವರಪ್ಪ ನಕ್ಕಿದ್ದನ್ನು ನೋಡಿದೆ. ನಾನೂ ಅಂಗಿ ಬಿಚ್ಚಿಟ್ಟು ಕೆಳಗೆ ಮಲಗಿ ಬ್ರಷ್ ಹಿಡಿದೆ. ಎಡಗಡೆಯ ತೊಲೆಯ ಆ ಜಾಗಕ್ಕೆ ಬಂದಾಗ ಅವರೇ ತೋರಿಸಿದರು. ಸ್ಕ್ರೂಡ್ರೈವರ್ ಹೋಗಿದ್ದ ತೂತಿನ ಸುತ್ತ ಕೆರೆದು ಕೆರೆದು ಅದು ಅಂಗೈಯಗಲ ಆಗಿತ್ತು.

"ಇಲ್ಲೊಂದ್ ಸ್ವಲ್ಪ ತಿಂದೈತೆ ಸಾ. ಪಟ್ಟಿ ಬೆಸುಗೆ ಆಕಿಸ್ತೀನಿ."

ಹೆಗ್ಗಡದೇವನಕೋಟೆಯಿಂದ ಬೆಸುಗೆಯವನು ಬಂದ. ಕೇರಳದ ಕಡೆಯವನು. ಪಟ್ಟಿ ಕೂರಿಸುವ ಮೊದಲು ಬೆರಳಿನಿಂದ ತಟ್ಟಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಬೆಸುಗೆ ಹಿಡಿಯೋಕೆ ಒಳ್ಳೆ ಕಬ್ಬಿಣ ಬೇಕಲ್ಲ ಸಾರೆ? ಇಲ್ಲಿ ಎಲ್ಲಿದೆ?" ಅಂದ. "ನೀನು ಹಾಕಪ್ಪ" ಅಂದೆ. ಅವನು ಹೆಗಲು ಕುಣಿಸಿ, ಪಟ್ಟಿ ಬೆಸೆದು ಹೋದ.

ಆಗಸ್ಟಿನ ಹೊತ್ತಿಗೆ ಎರಡು ಕೋಟು ಕೆಂಪು ಮುಗಿದಿತ್ತು. ಅದರ ಮೇಲೆ, ಚಾಸಿಸ್ಸಿಗೆ ಮತ್ತು ಮಡ್‌ಗಾರ್ಡುಗಳ ಒಳಗಡೆಗೆ, ಡಾಂಬರಿನಂಥ ದಪ್ಪ ಕಪ್ಪು ಬಣ್ಣ. ಅದನ್ನು ನಾನೇ ಮೈಸೂರಿನಿಂದ ತಂದುಕೊಟ್ಟಿದ್ದೆ. ಕೈ ಹೋಗದ ಸಂದಿಗಳಿಗೆ ಜವರಪ್ಪ ಹಳೆಯ ಎಂಜಿನ್ ಆಯಿಲ್ಲಿಗೆ ಗ್ರೀಸು ಕಾಯಿಸಿ ಬೆರೆಸಿ ಹುಯ್ದರು. ಬಾಗಿಲಿನ, ಬಾನೆಟ್ಟಿನ ಗುಳಿಗಳಿಗೆ ಪುಟ್ಟಿ ತುಂಬಿ ಉಜ್ಜಿ, ಬೂದು ಬಣ್ಣ ಹೊಡೆದರು. ಆಸಿಡ್ ತಾಗಿ ಸಾಕಮ್ಮನವರ ಬೆರಳ ಸಂದಿಗಳು ಸುಲಿದಿದ್ದವು. ಮುದ್ದೆ ತಿರುವಲಾಗದೆ ಹದಿನೈದು ದಿನ ಬರೀ ಅನ್ನ ಮಾಡಿದರು. ಅದಕ್ಕೂ ನನ್ನಲ್ಲಿ ಕ್ಷಮೆ ಕೇಳಿದರು.

ಆ ತಿಂಗಳಲ್ಲೇ ಒಂದು ಸಂಜೆ ಜವರಪ್ಪ ನನ್ನ ಕೋಣೆಗೆ ಬಂದರು. ಭಾವಮೈದುನ ಹೇಳಿಕಳಿಸಿದ್ದನಂತೆ. ಪಿರಿಯಾಪಟ್ಟಣದ ಒಬ್ಬ ಹೊಗೆಸೊಪ್ಪಿನ ವ್ಯಾಪಾರಿಗೆ ಸೊಪ್ಪಿನ ಮೂಟೆ ಸಾಗಿಸುವ ಲಾರಿಗೆ ನಂಬಿಕಸ್ಥ ಡ್ರೈವರ್ ಬೇಕು. ವರ್ಷವಿಡೀ ಕೆಲಸ, ಇರಲು ಮನೆ. ಒಂದು ವಾರದಲ್ಲಿ ಹೂಂ ಅನ್ನಬೇಕು.

"ವೋಗ್ಲಾ ಸಾ?" ಎಂದು ಕೇಳಿದರು. "ಸಾಕಿ ವೋಗನ ಅಂತಾಳೆ. ನಂಗೆ ಈ ಗಾಡಿ ಬುಟ್ಟು ವೋಗಾಕೆ ಮನ್ಸಿಲ್ಲ. ಇಷ್ಟ್ ಮಾಡಿದ್ದೀವಿ. ಇನ್ನೊಂದ್ ತಿಂಗ್ಳಿಗೆ ರೋಡಿಗೆ ಬತ್ತದೆ. ನೀವು ಯೋಳ್ದಂಗೆ."

ಇದಕ್ಕಿಂತ ಒಳ್ಳೆಯ ಗಳಿಗೆ ದೇವರು ಕೊಡಲಾರ. 'ಹೋಗಿ ಜವರಪ್ಪ' ಎಂಬ ಎರಡು ಮಾತು ಸಾಕಿತ್ತು, ಕಾರಣವನ್ನೂ ಹೇಳಬೇಕಿರಲಿಲ್ಲ. ಆದರೆ ಹೋಗಿ ಅಂದರೆ ಯಾಕೆ ಅನ್ನುತ್ತಾರೆ, ಯಾಕೆ ಅಂದರೆ ಜೂನ್ ತಿಂಗಳ ಮಾತು ಬರುತ್ತದೆ. ಜೊತೆಗೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಇನ್ನೊಂದು ಹುಚ್ಚು ಆಸೆ ಹುಟ್ಟಿತ್ತು. ಲಾರಿ ನೋಡಲು ಎಷ್ಟು ಚೆನ್ನಾಗಿ ಆಗಿತ್ತೆಂದರೆ, ಮೈಸೂರಿಗೆ ಹೋಗಿ ಮೇಲಧಿಕಾರಿಯನ್ನು ಕಂಡು ಮರುಪರೀಕ್ಷೆಗೆ ಕೇಳಿದರೆ ಒಪ್ಪಿಯಾರು ಎಂದು ನಾನೇ ನಂಬತೊಡಗಿದ್ದೆ.

"ನೋಡೋಣ, ಇರಿ ಜವರಪ್ಪ" ಅಂದೆ.

ಅವರು ಇದ್ದರು.

ಆ ವಾರ ಮೈಸೂರಿಗೆ ಹೋದೆ. ಅಧಿಕಾರಿ ಒರಟರಲ್ಲ. ನನ್ನ ವರದಿಯ ಕಡತ ತರಿಸಿ, ಓದಿ, ಕನ್ನಡಕ ತೆಗೆದು ಕೇಳಿದರು: "ತುಂಬ ಸರಿಯಾಗಿ ಬರೆದಿದ್ದೀಯಲ್ಲಪ್ಪ. ಇದು ಸುಳ್ಳೇ?"

"ಇಲ್ಲ ಸಾರ್."

"ಮತ್ತೆ? ಈಗ ಬಣ್ಣ ಬಳಿದಿದ್ದೀರಿ. ಕಬ್ಬಿಣ ವಾಪಸ್ ಬಂತೇ? ನಾಳೆ ಲೋಡಿನಲ್ಲಿ ಮುರಿದು ಆ ಡ್ರೈವರೇ ಸತ್ತರೆ ಸಹಿ ಯಾರದು?"

ಅವರು ಹೇಳಿದ್ದು ನ್ಯಾಯವಾಗಿತ್ತು. ಎದ್ದು ಬರುವಾಗ ಅವರೇ, "ಆ ಡ್ರೈವರಿಗೆ ಹೇಳಿಬಿಡು, ಬೇರೆ ಕಡೆ ನೋಡಿಕೊಳ್ಳಲಿ ಪಾಪ" ಅಂದರು. ಬಸ್ಸಿನಲ್ಲಿ ಕೋಟೆಯವರೆಗೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದೆ. ಕ್ಯಾಂಪಿನ ಗೇಟಿನಲ್ಲಿ ಸಾಕಮ್ಮ ಎದುರಾದರು. "ಇವತ್ತು ಕೈ ವಾಸಿಯಾಗೈತೆ ಸಾಮಿ, ಮುದ್ದೆ ಮಾಡೀನಿ, ಬನ್ನಿ" ಅಂದರು. ಉಂಡೆ. ಹೇಳಲಿಲ್ಲ.

ಆಯುಧಪೂಜೆಗೆ ಲಾರಿ ಶೆಡ್ಡಿನಿಂದ ಹೊರಗೆ ಬಂತು. ಮಳೆ ನಿಂತು ಎಳೆಬಿಸಿಲು ಬಂದಿತ್ತು. ಬೂದು ಬಣ್ಣದ ಮೂತಿಗೆ ಚೆಂಡು ಹೂವಿನ ಹಾರ, ಎರಡೂ ಕಡೆ ಬಾಳೆಕಂದು. ಸಾಕಮ್ಮ ಬಾಗಿಲ ಅಂಚಿಗೆ ಹಳದಿ ಬಣ್ಣದಲ್ಲಿ ಸಣ್ಣ ಬಳ್ಳಿ ಬರೆದಿದ್ದರು. ಜವರಪ್ಪ ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಕ್ಯಾಂಪಿನೊಳಗೆ ಒಂದು ಸುತ್ತು ಓಡಿಸಿದರು. ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹತ್ತು ದಿನಕ್ಕೆ ಆದೇಶ ಬಂತು. ಗುಮಾಸ್ತ ಅದನ್ನು ಜಗಲಿಯ ಮೇಲೆ ನಿಂತು ಎಲ್ಲರೆದುರು ಗಟ್ಟಿಯಾಗಿ ಓದಿದ. ಲಾರಿಯನ್ನು ಗುಜರಿಗೆ ಹಾಕಲಾಗಿದೆ, ಹರಾಜು ಹಿಡಿದವರು ಬಂದು ಒಯ್ಯುತ್ತಾರೆ, ಅದರ ಡ್ರೈವರನ ಸೇವೆ ತಿಂಗಳ ಕೊನೆಗೆ ಮುಗಿಯುತ್ತದೆ. ಎಲ್ಲದಕ್ಕೂ ಆಧಾರ, ಜೂನ್ ತಿಂಗಳ ಇಂಥ ದಿನ ನಾನು ಸಲ್ಲಿಸಿದ ವರದಿ.

ಜವರಪ್ಪ ಗುಮಾಸ್ತನನ್ನು ತಡೆದರು. "ಇನ್ನೊಂದ್ ಸಲ ಓದಿ. ಯಾವ್ ತಿಂಗ್ಳು?"

"ಜೂನು."

ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ನೋಡಿದರು.

"ಆಗ ನಾನು ಗಾವಡಗೆರೇಲಿದ್ದೆ. ಆಗ್ಲೇ ಬರ್ದಿದ್ರಾ ಸಾ?"

ನಾನು ತಲೆ ತಗ್ಗಿಸಿದೆ. ಅವರು, "ಒಂದ್ ಮಾತು ಯೋಳಿದ್ರೆ ಆಗ್ತಿತ್ತು" ಅಂದರು. ಅಷ್ಟೆ. ಪಿರಿಯಾಪಟ್ಟಣದ ಕೆಲಸಕ್ಕೆ ಆ ಹೊತ್ತಿಗೆ ಬೇರೆಯವರು ಸೇರಿ ತಿಂಗಳ ಮೇಲಾಗಿತ್ತು.

ಗುಜರಿಯವರು ಗ್ಯಾಸ್ ಕಟರ್ ತಂದು ಅಲ್ಲೇ ಕತ್ತರಿಸಿದರು. ಜವರಪ್ಪ ಬರಬಾರದಿತ್ತು, ಬಂದು ನಿಂತರು. ಬಣ್ಣ ದಪ್ಪವಾಗಿದ್ದರಿಂದ ಉರಿ ಕಬ್ಬಿಣಕ್ಕೆ ತಾಗದೆ ಕಪ್ಪು ಹೊಗೆ ಎದ್ದಿತು. "ಯಾವನಪ್ಪ ಹಿಂಗೆ ಮೆತ್ತಿರೋದು!" ಎಂದು ಕತ್ತರಿಸುವವನು ಬೈದುಕೊಂಡ. ಎಡಗಡೆಯ ತೊಲೆ ಎರಡಾಗಿ ಬಿತ್ತು. ಜವರಪ್ಪ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು ಆ ತುಂಡಿನ ಬಾಯಿ ನೋಡಿದರು. ಹೊರಗೆ ಕಪ್ಪು, ಅದರ ಕೆಳಗೆ ಕೆಂಪು, ಒಳಗೆ ಪುಡಿಪುಡಿ ತುಕ್ಕು. ಬೆರಳು ಹಾಕಿದರೆ ಉದುರಿತು.

ಎದ್ದು ನನ್ನ ಹತ್ತಿರ ಬಂದು, "ನೀವು ಬರ್ದಿದ್ದು ನಿಜ್ವೇ ಸಾ" ಅಂದರು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ತಿಂಗಳ ಕೊನೆಗೆ ಅವರಿಬ್ಬರೂ ಊರಿಗೆ ಹೊರಟರು. ಸಾಕಮ್ಮ ನನ್ನ ಕೋಣೆಯ ಮುಂದೆಯೇ ಹಾದುಹೋದರೂ ಒಳಗೆ ನೋಡಲಿಲ್ಲ. ನನಗೂ ಒಂದು ವರ್ಷದ ನಂತರ ವರ್ಗವಾಯಿತು. ಒಮ್ಮೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ನಿಂತಿದ್ದಾಗ ಕಿಟಕಿಯಿಂದ ಜವರಪ್ಪನವರನ್ನು ಕಂಡೆ. ತಲೆಯ ಮೇಲೆ ಸೌದೆ ಹೊರೆ, ಮೊಣಕಾಲಿನವರೆಗೆ ಬೂದಿ. ನಾನು ಸೀಟಿನಲ್ಲಿ ಕೆಳಗೆ ಜಾರಿ, ಬಸ್ಸು ಹೊರಡುವವರೆಗೂ ಪೇಪರು ಅಡ್ಡ ಹಿಡಿದೆ.

ಎಂಟೊಂಬತ್ತು ವರ್ಷಗಳ ಮೇಲೆ, ಕೆ.ಆರ್. ನಗರದಲ್ಲಿ ಕೆಲಸದಲ್ಲಿದ್ದಾಗ, ಕ್ಯಾಂಪಿನ ಹಳೆಯ ಗುಮಾಸ್ತ ಸಿಕ್ಕಿ ಜವರಪ್ಪ ತೀರಿಕೊಂಡರೆಂದು ಹೇಳಿದ. ಆ ಭಾನುವಾರ ಗಾವಡಗೆರೆಗೆ ಹೋದೆ. ಸಾಕಮ್ಮ ಮನೆಯ ಮುಂದೆ ಅವರೆಕಾಯಿ ಬಿಡಿಸುತ್ತಿದ್ದರು. ಗುರುತು ಹಿಡಿದರು. ಕೂರಿ ಅಂದರು. ನಾನು ನಿಂತೇ ಇದ್ದೆ.

ಜವರಪ್ಪ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲವಂತೆ. ವಯಸ್ಸಾಯಿತೆಂದು ಯಾರೂ ಕೊಡಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ಸೌದೆ ಒಟ್ಟುವ ಕೆಲಸ ಮಾಡಿ, ಎದೆ ಕೆಟ್ಟು, ಒಂದು ವರ್ಷ ಮಲಗಿ ಹೋದರು. ಇಷ್ಟನ್ನು ಸಾಕಮ್ಮ ಕಾಯಿ ಬಿಡಿಸುತ್ತಲೇ ಹೇಳಿದರು. ಆಮೇಲೆ ಕೈ ನಿಲ್ಲಿಸಿದರು.

"ನಾನು ನಿಮ್ಮುನ್ನ ಬೈಯ್ದೆ ಸಾಮಿ. ದಿನಾ ಬೈಯ್ದೆ. ಔರು ಬೈಯಾಕೆ ಬುಡ್ತಿರ್ನಿಲ್ಲ. ಏನೋ ದೊಡ್ಡುದು ಇದ್ದದು ಕಣಮ್ಮಿ, ಮೇಲ್ನೋರು ಯಾರೋ ಅವರ್ ಬಾಯಿ ಕಟ್ಟಾಕಿರ್ತಾರೆ, ಇಲ್ದಿದ್ರೆ ನಮ್ ಸಾಹೇಬ್ರು ಯೋಳ್ದೆ ಇರ್ತಿರ್ನಿಲ್ಲ ಅಂತಿದ್ರು. ಸಾಯೋಗಂಟ ಅದ್ನೇ ಅಂದ್ರು." ನನ್ನ ಮುಖ ನೋಡಿ ಕೇಳಿದರು: "ಯಾರ್ ಸಾಮಿ ಕಟ್ಟಾಕಿದ್ದು ನಿಮ್ ಬಾಯ?"

ಒಂದು ಹೆಸರು ಹೇಳಿಬಿಡಬಹುದಿತ್ತು. ಆ ಕ್ಷಣಕ್ಕೆ ಆ ಯೋಚನೆಯೂ ಬಂತು.

"ಯಾರೂ ಇಲ್ಲಮ್ಮ. ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಸಾಕಮ್ಮ ಮಡಿಲಿನ ಸಿಪ್ಪೆಯನ್ನು ಕೊಡವಿ, ಗೋಡೆ ಹಿಡಿದು ಎದ್ದರು. ಹೊಸ್ತಿಲು ದಾಟುವ ಮೊದಲು, ನನಗೋ ತಮಗೋ ಎಂಬಂತೆ ಅಂದರು:

"ಔರು ಮುಂಚೇನೆ ವೋದ್ರಲ್ಲ, ಅದೇ ಒಳ್ಳೇದಾಯ್ತು. ಈ ಮಾತು ಕೇಳ್ನಿಲ್ಲ."